ಇಂಟರ್‌ವ್ಯೂ ಚಲೋ ಆಗಿತ್ತು, ಹಂಗಾದ್ರ ನೌಕರಿ ಯಾಕ ಸಿಗಲಿಲ್ಲ?

ಹುಬ್ಬಳ್ಳಿಯ ಗೋಕುಲ ರೋಡಿನ ಆ ಆಫೀಸಿನಿಂದ ಹೊರಗೆ ಬಂದಾಗ ನನ್ನ ಅಂಗಿ ಜೇಬಿನಲ್ಲಿ ಅವರ ಪೆನ್ನು ಇತ್ತು. ಯಾವುದೋ ಪ್ರಶ್ನೆಗೆ ಚಿತ್ರ ಬರೆದು ತೋರಿಸಿ ಅಂತ ಕೊಟ್ಟಿದ್ದರು. ಮಾತಿನ ಭರದಲ್ಲಿ ಹಾಗೇ ಜೇಬು ಸೇರಿತ್ತು. ನೀಲಿ ಬಣ್ಣದ ಸಾದಾ ಪೆನ್ನು, ಮೇಲೆ ಕಂಪನಿಯ ಹೆಸರು. ವಾಪಸ್ ಕೊಡೋಣ ಅಂತ ಮೆಟ್ಟಿಲ ತನಕ ತಿರುಗಿದೆ. ಆಮೇಲೆ, ಇರಲಿ ಬಿಡು, ಜಾಯಿನ್ ಆಗೋ ದಿನ ಕೊಟ್ಟರಾಯ್ತು ಅಂದುಕೊಂಡೆ.

ಅಷ್ಟು ಖಾತ್ರಿ ಇತ್ತು ನನಗೆ. ಮುಕ್ಕಾಲು ಗಂಟೆ ಅಂದಿದ್ದ ಇಂಟರ್‌ವ್ಯೂ ಒಂದೂವರೆ ಗಂಟೆ ನಡೆದಿತ್ತು. ಎದುರಿಗೆ ಕೂತ ಮೂವರಲ್ಲಿ ಇಬ್ಬರು ನನ್ನ ಮಾತಿಗೆ ನಕ್ಕಿದ್ದರು. ಯಾವಾಗ ಸೇರಬಹುದು ಅಂತ ಕೇಳಿದ್ದರು. ಹೊರಡುವಾಗ ಒಬ್ಬರು ಒಳಗೆ ಕರೆದುಕೊಂಡು ಹೋಗಿ, ಕಿಟಕಿ ಪಕ್ಕದ ಸಾಲು ತೋರಿಸಿ, 'ನಮ್ಮ ಟೀಮ್ ಇಲ್ಲೇ ಕೂರೋದು' ಅಂದಿದ್ದರು. ಇನ್ನೇನು ಬೇಕು?

ಹೊಸೂರು ಕ್ರಾಸಿನಲ್ಲಿ ಚಿಗರಿ ಬಸ್ ಹತ್ತಿದೆ. ಉಣಕಲ್ ಕೆರೆ ಬರುವ ಹೊತ್ತಿಗೆ ಅವ್ವನ ಫೋನ್ ಬಂತು. 'ಹೆಂಗಾತೋ?' 'ಆದಂಗ ಬಿಡಬೇ.' ನವಲೂರು ದಾಟುವ ಹೊತ್ತಿಗೆ ತಿಂಗಳ ಪಾಸ್ ಮಾಡಿಸಿದರೆ ಎಷ್ಟು ಉಳಿಯುತ್ತೆ ಅಂತ ಲೆಕ್ಕ ಹಾಕುತ್ತಿದ್ದೆ. ಧಾರವಾಡದ ಜುಬಿಲಿ ಸರ್ಕಲ್‌ನಲ್ಲಿ ಇಳಿಯುವಷ್ಟರಲ್ಲಿ ಓಣಿಯ ಇಬ್ಬರಿಗೆ ಸುದ್ದಿ ಮುಟ್ಟಿತ್ತು. ಹನ್ನೊಂದು ದಿನ ಕಳೆದ ಮೇಲೆ ಮೂರು ಸಾಲಿನ ಮೇಲ್ ಬಂತು. ಸಮಯ ಕೊಟ್ಟಿದ್ದಕ್ಕೆ ಧನ್ಯವಾದ, ಹೆಚ್ಚು ಸೂಕ್ತವಾದ ಅಭ್ಯರ್ಥಿ ಸಿಕ್ಕಿದ್ದಾರೆ, ಶುಭವಾಗಲಿ.

ಆಗ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಒಂದೂವರೆ ಗಂಟೆಯ ಮಾತನ್ನು ತಲೆಯೊಳಗೆ ರೀಲಿನ ಹಾಗೆ ಹಿಂದಕ್ಕೆ ತಿರುಗಿಸಿದೆ. ಸಂಬಳ ಜಾಸ್ತಿ ಕೇಳಿದೆನಾ? ಆ ಜೋಕ್ ಹೇಳಬಾರದಿತ್ತಾ? ಇಂಗ್ಲಿಷ್ ತಡವರಿಸಿತಾ? ಉತ್ತರ ಸಿಗಲಿಲ್ಲ. ಕೆಲವು ವರ್ಷ ಆದ ಮೇಲೆ, ಬೇರೊಂದು ಕಡೆ, ಮೇಜಿನ ಆ ಬದಿಯಲ್ಲಿ ಕೂತು ಜನರನ್ನು ಆರಿಸುವ ಸರದಿ ನನ್ನದಾಯಿತು. ಆಗ ತಿಳಿದಿದ್ದು ಇಷ್ಟು: ನಾನು ಉತ್ತರ ಹುಡುಕಿದ್ದು ತಪ್ಪು ಕೋಣೆಯಲ್ಲಿ. ನಿರ್ಧಾರ ಆಗುವುದು ನಾವು ಕೂತ ಒಂದೂವರೆ ಗಂಟೆಯಲ್ಲಿ ಕಡಿಮೆ. ನಾವು ಎದ್ದು ಹೋದ ಮೇಲಿನ ಹತ್ತು ನಿಮಿಷದಲ್ಲಿ ಜಾಸ್ತಿ.

'ಚಲೋ ಆತು' ಅನ್ನುವ ಅಳತೆ ಯಾವುದು?

ಇಂಟರ್‌ವ್ಯೂ ಚೆನ್ನಾಗಿ ಆಯ್ತು ಅಂತ ನಾವು ಯಾವುದಕ್ಕೆ ಹೋಲಿಸಿ ಹೇಳುತ್ತೇವೆ? ನಮ್ಮದೇ ಹಿಂದಿನ ಇಂಟರ್‌ವ್ಯೂಗೆ. ಹೋದ ಸಲ ಬೆವರಿದ್ದೆವು, ಈ ಸಲ ಬೆವರಲಿಲ್ಲ. ಹೋದ ಸಲ ಎರಡು ಪ್ರಶ್ನೆಗೆ ಬಾಯಿ ಬರಲಿಲ್ಲ, ಈ ಸಲ ಎಲ್ಲದಕ್ಕೂ ಹೇಳಿದೆವು. ಆದರೆ ಎದುರಿಗಿದ್ದವರಿಗೆ ನಮ್ಮ ಹಿಂದಿನ ಇಂಟರ್‌ವ್ಯೂ ಗೊತ್ತೇ ಇಲ್ಲ. ಅವರು ಹೋಲಿಸುವುದು ನಮ್ಮ ಆಮೇಲೆ ಒಳಗೆ ಬಂದವರಿಗೆ. ಆ ಮನುಷ್ಯನನ್ನು ನಾವು ನೋಡಿಲ್ಲ. ಬಹಳ ಅಂದರೆ ರಿಸೆಪ್ಷನ್‌ನ ಸೋಫಾದಲ್ಲಿ ಫೈಲ್ ಹಿಡಿದು ಕೂತಿದ್ದನ್ನು ಕಂಡಿರುತ್ತೇವೆ, ಅಷ್ಟೇ.

ನಾವು ಸೂಚನೆ ಅಂದುಕೊಳ್ಳುವ ಮಾತುಗಳ ಕಥೆಯೂ ಹಾಗೇ. 'ಯಾವಾಗ ಸೇರಬಹುದು?' ಅನ್ನುವುದು ಫಾರ್ಮಿನಲ್ಲಿರುವ ಪ್ರಶ್ನೆ, ಬಂದವರಿಗೆಲ್ಲ ಕೇಳುತ್ತಾರೆ. ಸಂಬಳದ ಮಾತೂ ಅಷ್ಟೇ, ಅದನ್ನು ಕೇಳದೆ ಎಚ್‌ಆರ್‌ನವರಿಗೆ ಕಾಲಂ ತುಂಬಲು ಬರುವುದಿಲ್ಲ. ಆಫೀಸು ಸುತ್ತಿಸಿ ತೋರಿಸುವುದು ಕೆಲವರ ಪದ್ಧತಿ. ಯಾರನ್ನೇ ಆರಿಸಿದರೂ ಅವರು ಬೇಡ ಅನ್ನಬಾರದಲ್ವಾ? ಅದಕ್ಕೆ ಕೊನೆಯ ಸುತ್ತಿಗೆ ಬಂದ ಎಲ್ಲರ ಮುಂದೆಯೂ ಕಂಪನಿ ತನ್ನನ್ನು ತಾನು ಮಾರಿಕೊಳ್ಳುತ್ತಿರುತ್ತದೆ. ನಗು ಅಂತೂ ಬಿಡಿ. ನಮ್ಮ ಕಡೆ ಮನೆಗೆ ಬಂದ ಎಲ್ಐಸಿ ಏಜೆಂಟನಿಗೂ ಚಹಾ ಕೊಟ್ಟು, ನಕ್ಕು ಮಾತಾಡಿಸಿ ಕಳಿಸುತ್ತೇವೆ. ಪಾಲಿಸಿ ಮಾಡಿಸುತ್ತೇವಾ?

ಜಾಸ್ತಿ ಹೊತ್ತು ನಡೆದ ಇಂಟರ್‌ವ್ಯೂ ಕೂಡ ಮೋಸ ಮಾಡುತ್ತದೆ. ನನ್ನ ಒಂದೂವರೆ ಗಂಟೆಯನ್ನು ಈಗ ನೆನೆದರೆ, ಅದರಲ್ಲಿ ಅರ್ಧ ಗಂಟೆ ಅವರೇ ಮಾತಾಡಿದ್ದರು. ನಾನು ಚೆನ್ನಾಗಿ ಕೇಳಿಸಿಕೊಂಡಿದ್ದೆ. ಇಬ್ಬರಿಗೂ ಹಿತವಾಗಿತ್ತು. ಆ ಹಿತವನ್ನೇ ನಾನು ನೌಕರಿ ಅಂತ ಓದಿಕೊಂಡೆ.

ಬಾಗಿಲು ಹಾಕಿದ ಮೇಲಿನ ಮಾತು

ಮೇಜಿನ ಆ ಬದಿಯ ಒಂದು ಸಂಜೆ ಹೇಳುತ್ತೇನೆ. ಒಂದೇ ಹುದ್ದೆ, ನಾಲ್ಕು ಜನ ಕೊನೆಯ ಸುತ್ತಿಗೆ ಬಂದಿದ್ದರು. ಐದೂವರೆ ಆಗಿತ್ತು. ನಾನು, ನಮ್ಮ ಮ್ಯಾನೇಜರು, ಬೆಂಗಳೂರಿನಿಂದ ಫೋನಿನಲ್ಲಿ ಎಚ್‌ಆರ್. ಚಹಾ ಆರಿ ಮೇಲೆ ಕೆನೆ ಕಟ್ಟಿತ್ತು. ನಾಲ್ವರಲ್ಲಿ ಇಬ್ಬರನ್ನು ಬದಿಗಿಡಲು ಎರಡು ನಿಮಿಷ ಸಾಕಾಯಿತು. ಉಳಿದವರು ರಾಣೇಬೆನ್ನೂರಿನ ಒಬ್ಬ ಹುಡುಗ, ಗದಗಿನ ಒಬ್ಬ ಹುಡುಗಿ.

ನನ್ನ ಮತ ಹುಡುಗಿಗೆ. ಕೆಲಸದ ಬಗ್ಗೆ ಅವಳಿಗೆ ಆಳವಾದ ತಿಳಿವು ಇತ್ತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಹೇಳಿದ್ದಳು. ಮ್ಯಾನೇಜರಿಗೂ ಅವಳೇ ಹಿಡಿಸಿದ್ದಳು. ಆಮೇಲೆ ಅವರು ಕಾಗದ ತಿರುಗಿಸಿ ನೋಟಿಸ್ ಪೀರಿಯಡ್, ಅಂದರೆ ರಾಜೀನಾಮೆ ಕೊಟ್ಟ ಮೇಲೂ ಹಳೆಯ ಕಂಪನಿಯಲ್ಲಿ ಎಷ್ಟು ದಿನ ಇರಬೇಕು ಅನ್ನುವುದನ್ನು ನೋಡಿದರು. ಅವಳದು 90 ದಿನ. ಹುಡುಗನದು 15. ಹೊಸ ಕೆಲಸ ಮುಂದಿನ ತಿಂಗಳ ಒಂದನೇ ತಾರೀಖಿಗೆ ಶುರುವಾಗಬೇಕಿತ್ತು. 'ಮೂರು ತಿಂಗಳು ಆ ಕುರ್ಚಿ ಖಾಲಿ ಇಟ್ರ ಕೆಲಸ ನೀವು ಮಾಡ್ತೀರೇನು?' ಅಂತ ಕೇಳಿದರು. ನಾನು ಸುಮ್ಮನಾದೆ. ಹುಡುಗನೂ ಚೆನ್ನಾಗಿಯೇ ಇದ್ದ. ಎಲ್ಲ ಸೇರಿ ಎಂಟು ನಿಮಿಷ. ಅವಳಿಗೆ ಹೋದ ಮೇಲ್‌ನಲ್ಲಿ ಇದ್ದದ್ದು ಅದೇ ಸಾಲು: ಹೆಚ್ಚು ಸೂಕ್ತವಾದ ಅಭ್ಯರ್ಥಿ ಸಿಕ್ಕಿದ್ದಾರೆ.

ಆ ಸಾಲು ಸುಳ್ಳೇನಲ್ಲ. ಆದರೆ ಅದನ್ನು ಓದುವವರಿಗೆ 'ನೀನು ಸೂಕ್ತ ಅಲ್ಲ' ಅಂತ ಕೇಳಿಸುತ್ತದೆ. 90 ಮತ್ತು 15ರ ಲೆಕ್ಕ ಆ ಮೇಲ್‌ನಲ್ಲಿ ಎಲ್ಲೂ ಇಲ್ಲ.

ಇದು ಒಂದು ಕಾರಣ ಆಯಿತು. ಇನ್ನೂ ಎಷ್ಟೋ ಇವೆ, ಹೆಚ್ಚಿನವು ಅಭ್ಯರ್ಥಿಗೆ ಯಾವತ್ತೂ ಗೊತ್ತಾಗುವುದಿಲ್ಲ. ಇಂಟರ್‌ವ್ಯೂ ಮುಗಿದ ವಾರವೇ ಮೇಲಿನಿಂದ ಹೊಸಬರು ಬೇಡ ಅಂತ ಆದೇಶ ಬರುತ್ತದೆ, ಹುದ್ದೆಯೇ ಮಾಯ. ಒಳಗಿನವನೊಬ್ಬ ವರ್ಗಾವಣೆ ಕೇಳುತ್ತಾನೆ, ಅವನಿಗೆ ಕಲಿಸುವ ಖರ್ಚಿಲ್ಲ. ನೀವು ಕೇಳಿದ ಸಂಬಳ ಈಗಾಗಲೇ ಅಲ್ಲಿರುವ ಸೀನಿಯರ್‌ಗಿಂತ ಜಾಸ್ತಿ ಆಗುತ್ತದೆ, ಕೊಟ್ಟರೆ ಆತ ಮುನಿಸಿಕೊಳ್ಳುತ್ತಾನೆ. ನಾಲ್ಕು ಜನರನ್ನು ನೋಡಿದ ಮೇಲೆ ಮ್ಯಾನೇಜರಿಗೆ ತನಗೆ ಬೇಕಾದದ್ದೇ ಬೇರೆ ಅಂತ ಹೊಳೆಯುತ್ತದೆ. ಕೆಲವು ಕಡೆ ಯಾರನ್ನು ತಗೊಳ್ಳಬೇಕು ಅಂತ ಮೊದಲೇ ನಿರ್ಧಾರ ಆಗಿದ್ದು, ಉಳಿದವರನ್ನು ಶಾಸ್ತ್ರಕ್ಕೆ ಕರೆದಿರುತ್ತಾರೆ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಹಾವೇರಿಯಿಂದ ರಜೆ ಹಾಕಿ, ಬಸ್ ಚಾರ್ಜ್ ಕೊಟ್ಟು ಬಂದವನ ದಿನಕ್ಕೆ ಬೆಲೆ ಇಲ್ಲವೇ?

ಕಂಪನಿಗಳು ನಿಜವಾದ ಕಾರಣ ಯಾಕೆ ಹೇಳುವುದಿಲ್ಲ? ಹೇಳಿದರೆ ವಾದ ಶುರುವಾಗುತ್ತದೆ. 'ನಾನು 15 ದಿನಕ್ಕೇ ಬರ್ತೀನಿ' ಅಂತ ಒಬ್ಬರು, 'ಸಂಬಳ ಕಡಿಮೆ ಮಾಡ್ಕೋತೀನಿ' ಅಂತ ಇನ್ನೊಬ್ಬರು. ಕೆಲವು ಕಾರಣ ಬರವಣಿಗೆಯಲ್ಲಿ ಇಟ್ಟರೆ ಕೋರ್ಟಿನ ಭಯ. ಹಾಗಾಗಿ ಎಲ್ಲರಿಗೂ ಒಂದೇ ಅಚ್ಚಿನ ಮೇಲ್.

ಸ್ವಲ್ಪ ಲೆಕ್ಕ

ಧಾರವಾಡದ ಸಪ್ತಾಪುರಕ್ಕೆ ಒಮ್ಮೆ ಸಂಜೆ ಹೋಗಿ ನೋಡಿ. ಕೋಚಿಂಗ್ ಬೋರ್ಡುಗಳ ಕೆಳಗೆ ಕೆಎಎಸ್, ಪಿಎಸ್ಐ, ಬ್ಯಾಂಕ್ ಅಂತ ಉತ್ತರ ಕರ್ನಾಟಕದ ಎಲ್ಲ ಜಿಲ್ಲೆಯ ಹುಡುಗರು ಸಿಗುತ್ತಾರೆ. ಅವರ ಬಾಯಲ್ಲಿ 'ಇಂಟರ್‌ವ್ಯೂ ಮಟ ಹೋಗಿ ಬಂದಾನ' ಅನ್ನುವುದು ಒಂದು ಬಿರುದು ಇದ್ದ ಹಾಗೆ. ಯಾಕೆ ಅಂತ ಅಂಕಿ ನೋಡಿದರೆ ತಿಳಿಯುತ್ತದೆ. ಕೇಂದ್ರದ ಸಿವಿಲ್ ಸರ್ವಿಸಸ್ ಪರೀಕ್ಷೆಯಲ್ಲಿ ಮುಖ್ಯ ಪರೀಕ್ಷೆಗೆ 1750 ಅಂಕ, ಇಂಟರ್‌ವ್ಯೂಗೆ 275, ಒಟ್ಟು 2025. ಇಂಟರ್‌ವ್ಯೂಗೆ ಕರೆಯುವುದು ಹುದ್ದೆಗಳ ಸುಮಾರು ಎರಡರಷ್ಟು ಜನರನ್ನು. ಅಂದರೆ ಈ ಇಂಟರ್‌ವ್ಯೂ ನಡೆಯುವ ದೆಹಲಿಯ ಧೋಲಪುರ ಹೌಸಿಗೆ ಕೋಟು ಹಾಕಿಕೊಂಡು ಹೋದವರಲ್ಲಿ ಅರ್ಧದಷ್ಟು ಜನ ಬರಿಗೈಲಿ ಬರಲೇಬೇಕು. ಅವರೆಲ್ಲ ಹಾಳಾಗಿ ಮಾತಾಡಿದರು ಅಂತಲ್ಲ. ಎಲ್ಲರೂ ಅದ್ಭುತವಾಗಿ ಮಾತಾಡಿದರೂ ಅರ್ಧ ಜನ ವಾಪಸ್ ಬರಲೇಬೇಕು. ಕುರ್ಚಿ ಇರುವುದೇ ಅಷ್ಟು.

ಖಾಸಗಿ ಕೆಲಸಕ್ಕೂ ಇದೇ ಲೆಕ್ಕ ಹಾಕಿ. ಕೊನೆಯ ಸುತ್ತಿನಲ್ಲಿ ಐದು ಜನ, ಐವರೂ ಸರಿಸಮ ಅಂದುಕೊಳ್ಳೋಣ. ನಿಮಗೆ ಸಿಗುವ ಸಾಧ್ಯತೆ ಐದರಲ್ಲಿ ಒಂದು. ಇಂಥ ಐದು ಕೊನೆಯ ಸುತ್ತು ಮುಗಿಸಿದರೆ ಒಂದಾದರೂ ಕೈಗೆ ಹತ್ತುವ ಸಾಧ್ಯತೆ ಶೇ 67. ಉಳಿದ ಶೇ 33? ಅವರು ಐದು ಸಲ ಚೆನ್ನಾಗಿ ಇಂಟರ್‌ವ್ಯೂ ಕೊಟ್ಟು, ಐದು ಸಲ 'ಸಾರಿ' ಓದಿದವರು. ಒಂದೂ ತಪ್ಪು ಮಾಡದೆ. ಹತ್ತು ಕೊನೆಯ ಸುತ್ತು ಆದರೆ ಸಾಧ್ಯತೆ ಶೇ 89ಕ್ಕೆ ಏರುತ್ತದೆ. ನಿಜ ಜೀವನದಲ್ಲಿ ಐವರು ಸರಿಸಮ ಇರುವುದಿಲ್ಲ, ಗೊತ್ತು. ಆದರೂ ಈ ಲೆಕ್ಕ ನನಗೆ ಎಷ್ಟೋ ಸಮಾಧಾನ ಕೊಟ್ಟಿದೆ. ಎರಡು ಸಲ ಸೋತು 'ನಂದೇ ಏನೋ ಐಬು' ಅನ್ನುವವನಿಗೆ ಇದನ್ನು ಪೆನ್ನಿನಿಂದ ಬರೆದು ತೋರಿಸುತ್ತೇನೆ.

ತಕ್ಕಡಿಯೇ ಅಷ್ಟಕ್ಕಷ್ಟೇ

ಇನ್ನೊಂದು ವಿಷಯ ಇದೆ, ಇದನ್ನು ಇಂಟರ್‌ವ್ಯೂ ಮಾಡುವವರು ಒಪ್ಪಿಕೊಳ್ಳುವುದಿಲ್ಲ. ನಾನೂ ಒಪ್ಪಿರಲಿಲ್ಲ. ಇಂಟರ್‌ವ್ಯೂ ಅನ್ನುವ ತಕ್ಕಡಿ ಅಂಥ ನಿಖರ ಅಲ್ಲ.

ಅಮೆರಿಕದಲ್ಲಿ ಜೇಸನ್ ಡಾನಾ ಮತ್ತು ಜೊತೆಗಾರರು 2013ರಲ್ಲಿ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಕೆಲವು ವಿದ್ಯಾರ್ಥಿಗಳು ಬೇರೆ ವಿದ್ಯಾರ್ಥಿಗಳನ್ನು ಇಂಟರ್‌ವ್ಯೂ ಮಾಡಬೇಕು, ಮುಂದಿನ ಸೆಮಿಸ್ಟರಿನಲ್ಲಿ ಅವರ ಅಂಕ ಎಷ್ಟು ಬರಬಹುದು ಅಂತ ಊಹಿಸಬೇಕು. ಹಳೆಯ ಅಂಕಗಳನ್ನೂ ಕೊಟ್ಟಿದ್ದರು. ಮಜಾ ಏನಂದರೆ, ಉತ್ತರ ಹೇಳುವ ಕೆಲವರಿಗೆ ಗುಟ್ಟಾಗಿ, ಪ್ರಶ್ನೆ ಏನೇ ಇರಲಿ, ಒಂದು ಯಾಂತ್ರಿಕ ನಿಯಮದ ಪ್ರಕಾರ ಹೌದು ಅಥವಾ ಇಲ್ಲ ಅನ್ನಿ ಅಂತ ಹೇಳಿಕೊಟ್ಟಿದ್ದರು. ಅಂದರೆ ಚೀಟಿ ಎತ್ತಿದ ಹಾಗೆ ಉತ್ತರ. ಪ್ರಶ್ನೆ ಕೇಳಿದವರಲ್ಲಿ ಒಬ್ಬರಿಗೂ ಗುಮಾನಿ ಬರಲಿಲ್ಲ! ಎಲ್ಲರೂ ಆ ಅಡ್ಡಾದಿಡ್ಡಿ ಉತ್ತರಗಳಿಂದಲೇ ಒಬ್ಬ ಮನುಷ್ಯನ ಚಿತ್ರ ಕಟ್ಟಿಕೊಂಡರು. ಕೊನೆಗೆ ನೋಡಿದರೆ, ಇಂಟರ್‌ವ್ಯೂ ಮಾಡಿದ ಮೇಲಿನ ಊಹೆಗಿಂತ ಬರೀ ಹಳೆಯ ಅಂಕ ನೋಡಿ ಮಾಡಿದ ಊಹೆಯೇ ಸತ್ಯಕ್ಕೆ ಹತ್ತಿರ ಇತ್ತು.

2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಜೊತೆಗಾರರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ, ಇಂಟರ್‌ವ್ಯೂನಲ್ಲಿ ಮೆಚ್ಚಿದವರು ಆಮೇಲೆ ಕೆಲಸದಲ್ಲಿ ಎಷ್ಟು ಚೆನ್ನಾಗಿರುತ್ತಾರೆ ಅಂತ ಮತ್ತೆ ಲೆಕ್ಕ ಹಾಕಿದರು. ಪೂರ್ತಿ ಹೊಂದಿಕೆಯಾದರೆ 1, ಸಂಬಂಧವೇ ಇಲ್ಲದಿದ್ದರೆ 0. ಎಲ್ಲರಿಗೂ ಒಂದೇ ಪ್ರಶ್ನೆ, ಅಂಕ ಕೊಡಲು ಒಂದೇ ಅಳತೆ ಇಟ್ಟುಕೊಂಡು ಮಾಡಿದ ಇಂಟರ್‌ವ್ಯೂಗೆ 0.42 ಬಂತು. ಬಾಯಿಗೆ ಬಂದದ್ದು ಕೇಳುತ್ತಾ, ಹರಟೆಯ ಹಾಗೆ ನಡೆಸಿದ್ದಕ್ಕೆ 0.19. ನನ್ನ ಒಂದೂವರೆ ಗಂಟೆ ಯಾವ ಜಾತಿಯದು ಅಂತ ಬೇರೆ ಹೇಳಬೇಕಿಲ್ಲ.

ನಮ್ಮ ಸರ್ಕಾರವೂ ಈ ತಕ್ಕಡಿಯ ಮೇಲೆ ಅನುಮಾನ ಪಟ್ಟಿದೆ. 2016ರ ಜನವರಿ 1ರಿಂದ ಕೇಂದ್ರ ಸರ್ಕಾರದ ಗ್ರೂಪ್ ಸಿ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ ಇಂಟರ್‌ವ್ಯೂ ತೆಗೆದುಹಾಕಿದರು. ಅಲ್ಲಿ ಮುಖ್ಯವಾಗಿ ಲಂಚ ಮತ್ತು ವಶೀಲಿಯ ಚಿಂತೆ ಇತ್ತು. ಅದು ಬೇರೆ ಮಾತು.

ನೋವು ಯಾಕೆ ಇಷ್ಟು?

ಇಂಟರ್‌ವ್ಯೂ ಕೆಟ್ಟು ಹೋಗಿ ಕೆಲಸ ಸಿಗದಿದ್ದರೆ ಒಂದು ಪ್ಲೇಟ್ ಗಿರ್ಮಿಟ್, ಎರಡು ಮಿರ್ಚಿ ತಿಂದು ಮರೆಯಬಹುದು. ಚೆನ್ನಾಗಿ ಆಗಿ ಸಿಗದಿದ್ದರೆ ಆಗುವುದಿಲ್ಲ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ವಿಡಿಯೋ ನೋಡಿ ಮನಶ್ಶಾಸ್ತ್ರಜ್ಞರು ಗೆದ್ದವರ ಮುಖದ ಮೇಲಿನ ಖುಷಿಗೆ ಅಂಕ ಕೊಡಿಸಿದ್ದರು, ವರದಿ ಬಂದದ್ದು 1995ರಲ್ಲಿ. ಕಂಚು ಗೆದ್ದವರು ಬೆಳ್ಳಿ ಗೆದ್ದವರಿಗಿಂತ ಖುಷಿಯಾಗಿ ಕಂಡರು. ಕಂಚಿನವನು 'ಏನೂ ಸಿಗದೆ ಹೋಗ್ತಿತ್ತು' ಅಂತ ಕೆಳಗೆ ನೋಡುತ್ತಾನೆ. ಬೆಳ್ಳಿಯವನು 'ಇನ್ನೊಂಚೂರು ಇದ್ದಿದ್ರೆ ಚಿನ್ನ' ಅಂತ ಮೇಲೆ ನೋಡುತ್ತಾನೆ. ಕೊನೆಯ ಸುತ್ತಿನಲ್ಲಿ ಎರಡನೆಯವನಾಗಿ ನಿಂತವನ ಕೈಲಿ ಬೆಳ್ಳಿಯೂ ಇಲ್ಲ, ಬರೀ 'ಇದ್ದಿದ್ರೆ' ಮಾತ್ರ.

ಯಾರೋ ನಮ್ಮನ್ನು ಬೇಡ ಅಂದರೆ ಮೈಗೆ ಪೆಟ್ಟು ಬಿದ್ದ ಹಾಗೆ ಆಗುತ್ತದೆ ಅನ್ನುವುದಕ್ಕೂ ಒಂದು ಪ್ರಯೋಗ ಇದೆ. 2003ರಲ್ಲಿ ನವೋಮಿ ಐಸನ್‌ಬರ್ಗರ್ ಮತ್ತು ಸಂಗಡಿಗರು ಜನರನ್ನು ಕಂಪ್ಯೂಟರಿನ ಚೆಂಡಾಟಕ್ಕೆ ಸೇರಿಸಿ, ನಡುವೆ ಅವರಿಗೆ ಚೆಂಡು ಎಸೆಯುವುದನ್ನೇ ನಿಲ್ಲಿಸಿಬಿಟ್ಟರು. ಮಿದುಳಿನ ಸ್ಕ್ಯಾನ್ ನೋಡಿದರೆ, ಮೈನೋವಿನಲ್ಲಿ ಚುರುಕಾಗುವ ಒಂದು ಭಾಗ ಇಲ್ಲೂ ಚುರುಕಾಗಿತ್ತು. ಆ ಭಾಗ ಬೇರೆ ಎಷ್ಟೋ ಕೆಲಸಗಳಲ್ಲೂ ಚುರುಕಾಗುತ್ತದೆ, ಹಾಗಾಗಿ ಇದರ ಅರ್ಥ ಏನು ಅಂತ ವಿಜ್ಞಾನಿಗಳಲ್ಲಿ ಜಗಳ ಇದೆ. ಜಗಳ ಅವರಿಗಿರಲಿ. ಮೇಲ್ ಓದಿದ ರಾತ್ರಿ ನನಗೆ ಊಟ ಸೇರಲಿಲ್ಲ, ಅಷ್ಟು ಗೊತ್ತು.

ನಮ್ಮೂರಲ್ಲಿ ಇದಕ್ಕೆ ಇನ್ನೊಂದು ಪದರ ಸೇರುತ್ತದೆ. ಬೆಂಗಳೂರಿನಲ್ಲಿ ನಿಮ್ಮ ಪಕ್ಕದ ಫ್ಲಾಟಿನವನಿಗೆ ನಿಮ್ಮ ಹೆಸರೇ ಗೊತ್ತಿರುವುದಿಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ಹಾಲಿನವನಿಂದ ಹಿಡಿದು ಸೋದರಮಾವನ ಬೀಗರ ತನಕ ಎಲ್ಲರೂ ಕೇಳುತ್ತಾರೆ: 'ಏನಾತಪಾ ನೌಕರಿದು?' ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಒಂದೇ ಗಾಯವನ್ನು ಹದಿನೈದು ಸಲ ಬಿಚ್ಚಿ ತೋರಿಸಬೇಕಾಗುತ್ತದೆ. ಮೇಲಾಗಿ ಇಲ್ಲಿ ಒಳ್ಳೆಯ ಕಂಪನಿಗಳು ಕೈಬೆರಳೆಣಿಕೆ. ಒಂದು ಬಾಗಿಲು ಮುಚ್ಚಿತು ಅಂದರೆ 'ಇನ್ನ ಬೆಂಗಳೂರಿಗೇ ಹೋಗಬೇಕು' ಅನ್ನುವ ಮಾತು ಅದೇ ದಿನ ಊಟಕ್ಕೆ ಕೂತಾಗ ಬರುತ್ತದೆ. ಸೋತದ್ದು ಒಂದು ಇಂಟರ್‌ವ್ಯೂ, ಪ್ರಶ್ನೆ ಏಳುವುದು ಊರು ಬಿಡುವುದರ ಬಗ್ಗೆ.

ಹಾಗಾದರೆ ಏನು ಮಾಡೋದು?

ಮೊದಲ ಒಂದೆರಡು ದಿನ ಏನೂ ಮಾಡಬೇಡಿ. ಬೇಜಾರು ಪಡಿ. ಯಾರಾದರೂ 'ಆಗೋದೆಲ್ಲಾ ಒಳ್ಳೇದಕ್ಕ' ಅಂದರೆ ಹೂಂ ಅನ್ನಿ, ಒಪ್ಪಬೇಕಾಗಿಲ್ಲ.

ಆಮೇಲೆ ಬರೆಯಿರಿ. ಇದು ನಾನು ಕಟ್ಟಿದ ಮಾತಲ್ಲ. 1994ರಲ್ಲಿ ಜೇಮ್ಸ್ ಪೆನ್ನೆಬೇಕರ್ ಮತ್ತು ಜೊತೆಗಾರರು, ಕೆಲಸ ಕಳೆದುಕೊಂಡ ಎಂಜಿನಿಯರುಗಳಿಗೆ ದಿನಕ್ಕೆ 20 ನಿಮಿಷದ ಹಾಗೆ ಐದು ದಿನ ಬರೆಯಲು ಹೇಳಿದರು. ಕೆಲಸ ಹೋದ ನೋವಿನ ಬಗ್ಗೆ ಮನಸ್ಸು ಬಿಚ್ಚಿ ಬರೆದವರಿಗೆ, ಬೇರೆ ಏನೋ ಬರೆದವರಿಗಿಂತ ಬೇಗ ಕೆಲಸ ಸಿಕ್ಕಿತು. ಅವರೇನೂ ಜಾಸ್ತಿ ಅರ್ಜಿ ಹಾಕಿರಲಿಲ್ಲ. ಒಳಗಿನ ಸಿಟ್ಟು ಕಾಗದಕ್ಕೆ ಇಳಿದು, ಮುಂದಿನ ಇಂಟರ್‌ವ್ಯೂನಲ್ಲಿ ಮುಖದ ಮೇಲೆ ಕಾಣಿಸದೆ ಹೋಗಿರಬೇಕು. ನಾನು ಆಗ ಈ ಅಧ್ಯಯನ ಓದಿರಲಿಲ್ಲ. ಆದರೂ ಅದೇ ನೀಲಿ ಪೆನ್ನು ತಗೊಂಡು, ಅದೇ ಕಂಪನಿಯನ್ನು ನಾಲ್ಕು ಪುಟ ಬೈದು ಬರೆದಿದ್ದೆ. ಹಗುರ ಆಗಿತ್ತು. ಪುಟ ಹರಿದು ಹಾಕಿದೆ, ಪೆನ್ನು ಇಟ್ಟುಕೊಂಡೆ.

ಆ ಮೇಲ್‌ಗೆ ಉತ್ತರ ಕೊಡಿ. ನಾಲ್ಕು ಸಾಲು ಸಾಕು: ತಿಳಿಸಿದ್ದಕ್ಕೆ ಧನ್ಯವಾದ, ಮಾತಾಡಿ ಖುಷಿಯಾಯಿತು, ಮುಂದೆ ಇಂಥ ಕೆಲಸ ಇದ್ದರೆ ನೆನಪಿಡಿ. 'ನನ್ನನ್ನು ಯಾಕೆ ಬೇಡ ಅಂದಿರಿ?' ಅಂತ ಕೇಳಿದರೆ ಉತ್ತರ ಬರುವುದಿಲ್ಲ. 'ಯಾವ ಒಂದು ವಿಷಯದಲ್ಲಿ ನಾನು ಇನ್ನೂ ಪಳಗಬೇಕು?' ಅಂತ ಕೇಳಿದರೆ ಕೆಲವರು ಹೇಳುತ್ತಾರೆ, ಅದೂ ಬರವಣಿಗೆಯಲ್ಲಿ ಹೇಳದವರು ಫೋನಿನಲ್ಲಿ ಹೇಳುತ್ತಾರೆ. ಇದು ಸುಮ್ನೆ ಸಭ್ಯತೆಗೆ ಹೇಳುವ ಮಾತಲ್ಲ. ಆಯ್ಕೆಯಾದವನು ಬಂದೇ ಬರುತ್ತಾನೆ ಅಂತ ಗ್ಯಾರಂಟಿ ಇಲ್ಲ. ನೋಟಿಸ್ ಪೀರಿಯಡ್ ಮುಗಿಯುವಷ್ಟರಲ್ಲಿ ಹಳೆಯ ಕಂಪನಿ ಸಂಬಳ ಏರಿಸುತ್ತದೆ, ಇನ್ನೆಲ್ಲೋ ಬೇರೆ ಆಫರ್ ಬರುತ್ತದೆ, ಸೇರುವ ದಿನ ಫೋನ್ ಸ್ವಿಚ್ ಆಫ್. ಆಗ ಎಚ್‌ಆರ್‌ನವರು ಮೊದಲು ತೆಗೆಯುವುದು ಎರಡನೆಯವರ ನಂಬರನ್ನೇ. ಸಿಟ್ಟಿನ ಮೇಲ್ ಕಳಿಸಿದವರ ನಂಬರು ಒತ್ತಲು ಯಾರಿಗೂ ಮನಸ್ಸಾಗುವುದಿಲ್ಲ.

ಆದರೆ ಅದಕ್ಕೆ ಕಾಯುತ್ತಾ ಕೂರಬೇಡಿ. ನನಗೆ ನಿಜವಾಗಿ ಲುಕ್ಸಾನು ಆಗಿದ್ದು ಇಲ್ಲಿ. ಆ ಹನ್ನೊಂದು ದಿನ, ಮೇಲ್ ಬಂದ ಮೇಲೆ ಇನ್ನೂ ಹತ್ತು ದಿನ, ಒಂದೇ ಒಂದು ಅರ್ಜಿ ಹಾಕಲಿಲ್ಲ. ಮೊದಲು ಖಾತ್ರಿಯಲ್ಲಿ, ಆಮೇಲೆ ಬೇಜಾರಿನಲ್ಲಿ. ಮೂರು ವಾರ! ಇಂಟರ್‌ವ್ಯೂ ಎಷ್ಟೇ ಚೆನ್ನಾಗಿ ಆಗಲಿ, ಮನೆಗೆ ಬಂದು ಬೂಟು ಬಿಚ್ಚುವ ಮೊದಲು ಇನ್ನೊಂದು ಅರ್ಜಿ ಹಾಕುವುದು ಈಗ ನನ್ನ ರೂಢಿ.

ಎಲ್ಲ ಸೋಲಿಗೂ ಅದೃಷ್ಟವನ್ನೇ ಬೈದರೂ ಆಗುವುದಿಲ್ಲ. ಎಲ್ಲಿ ಎಡವುತ್ತಿದ್ದೇವೆ ಅಂತ ನೋಡಬೇಕು. ಇಪ್ಪತ್ತು ಅರ್ಜಿ ಹಾಕಿದರೂ ಕರೆಯೇ ಬರದಿದ್ದರೆ ರೆಸ್ಯೂಮ್ ತಿದ್ದಬೇಕು, ಇಲ್ಲವೇ ಅರ್ಜಿ ಹಾಕುವ ಹುದ್ದೆ ಬದಲಿಸಬೇಕು. ಮೊದಲ ಸುತ್ತಿನಲ್ಲೇ ಮೂರು ನಾಲ್ಕು ಸಲ ಹೊರಗೆ ಬಿದ್ದರೆ ಓದುವುದು ಬಾಕಿ ಇದೆ. ಮತ್ತೆ ಮತ್ತೆ ಕೊನೆಯ ಸುತ್ತಿಗೆ ಹೋಗಿ ತಪ್ಪುತ್ತಿದ್ದರೆ ಹೆಚ್ಚಾಗಿ ಮೇಲೆ ಹೇಳಿದ ಲೆಕ್ಕವೇ, ಜೊತೆಗೆ ಸಂಬಳ, ನೋಟಿಸ್ ಪೀರಿಯಡ್‌ನಂಥ ಕಾಗದದ ವಿಷಯ. ನೋಟಿಸ್ ಪೀರಿಯಡ್ ಹಣ ಕಟ್ಟಿ ಕಡಿಮೆ ಮಾಡಿಕೊಳ್ಳಲು ಆಗುತ್ತದಾ ಅಂತ ಮೊದಲೇ ವಿಚಾರಿಸಿಟ್ಟುಕೊಂಡು, ಇಂಟರ್‌ವ್ಯೂನಲ್ಲೇ ಹೇಳಿ. ಗದಗಿನ ಹುಡುಗಿ ಆ ಒಂದು ಮಾತು ಹೇಳಿದ್ದರೆ ನಮ್ಮ ಎಂಟು ನಿಮಿಷ ಬೇರೆ ದಾರಿ ಹಿಡಿಯುತ್ತಿತ್ತು.

ಒಂದು ಎಚ್ಚರಿಕೆ. ಬೇಜಾರಿನಲ್ಲಿ ಇರುವಾಗಲೇ 'ಗ್ಯಾರಂಟಿ ಜಾಬ್' ಅನ್ನುವ ಫೋನ್ ಬರುತ್ತದೆ. ರಿಜಿಸ್ಟ್ರೇಷನ್ ಫೀ, ಲ್ಯಾಪ್‌ಟಾಪ್ ಡಿಪಾಸಿಟ್, ಟ್ರೇನಿಂಗ್ ಚಾರ್ಜ್ ಅಂತ ದುಡ್ಡು ಕೇಳಿದರೆ ಫೋನ್ ಇಟ್ಟುಬಿಡಿ. ಸಂಬಳ ಕೊಡಬೇಕಾದವರು ನಿಮ್ಮಿಂದಲೇ ದುಡ್ಡು ಕೇಳುತ್ತಿದ್ದಾರೆ ಅಂದರೆ ಅಲ್ಲಿ ಕೆಲಸ ಇಲ್ಲ.

ಕೇಳುವ ಜನಕ್ಕೆ ಒಂದು ಸಾಲು ತಯಾರು ಮಾಡಿಟ್ಟುಕೊಳ್ಳಿ. ನಂದು ಇದಾಗಿತ್ತು: 'ಕಡೀ ರೌಂಡ್ ಮಟ ಹೋಗಿತ್ರಿ, ಬ್ಯಾರೆಯವ್ರನ ತಗೊಂಡ್ರು. ಇನ್ನೆರಡು ಕಡೆ ನಡದೈತಿ.' ಇಷ್ಟು ಹೇಳಿದರೆ ಮುಂದಿನ ಪ್ರಶ್ನೆ ಹುಟ್ಟುವುದಿಲ್ಲ. ಅವ್ವನಿಗೆ ಮಾತ್ರ ಈ ಸಾಲು ನಡೆಯಲಿಲ್ಲ. ಅವಳು ಆ ಕಂಪನಿಗೆ ಶಾಪ ಹಾಕಿ, ಉಪ್ಪಿಟ್ಟು ಮಾಡಿಕೊಟ್ಟಳು.

ಎರಡು ವಾರ ದಾಟಿದರೂ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಬದುಕೇ ಬೇಡ ಅನ್ನಿಸುತ್ತದೆ ಅಂದರೆ ಅದು ಬರೀ ಬೇಜಾರಲ್ಲ. ಬದುಕು ಬೇಡ ಅನ್ನುವ ಯೋಚನೆಗಂತೂ ಎರಡು ವಾರ ಕಾಯಲೂಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ಯಾವ ಹೊತ್ತಿನಲ್ಲಾದರೂ ಪುಕ್ಕಟೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ನಮ್ಮ ಧಾರವಾಡದಲ್ಲೇ ಡಿಮ್ಹಾನ್ಸ್ ಅನ್ನುವ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ. 'ಇವ್ನ ಧಾರವಾಡಕ್ಕ ಕಳಸ್ಬೇಕು' ಅಂತ ಉತ್ತರ ಕರ್ನಾಟಕದಲ್ಲಿ ತಮಾಷೆ ಮಾಡುತ್ತಾರಲ್ಲ, ಅದೇ. ತಮಾಷೆಗೆ ಅಂಜಿ ಹೋಗದೆ ಇರಬೇಡಿ. ಹೊರರೋಗಿಗಳ ಸಾಲಿನಲ್ಲಿ ನಿಮ್ಮ ಹಾಗೆ ಫೈಲ್ ಹಿಡಿದ ಹುಡುಗರು ಕಾಣುತ್ತಾರೆ.

ಗದಗಿನ ಹುಡುಗಿಯ ಮಾತು ಅರ್ಧಕ್ಕೆ ಬಿಟ್ಟೆ. ಮೇಲ್ ಹೋದ ಮರುದಿನ ಅವಳಿಂದ ಎರಡು ಸಾಲು ಬಂತು. ಧನ್ಯವಾದ ಹೇಳಿ, ಯಾವ ವಿಷಯದಲ್ಲಿ ಪಳಗಬೇಕು ಅಂತ ಕೇಳಿದ್ದಳು. ಎಚ್‌ಆರ್ ಉತ್ತರ ಕೊಡಬೇಡಿ ಅಂದರು. ಕೊಡಲಿಲ್ಲ, ಫೋನ್ ಮಾಡಿದೆ. ಬಸ್ಸಿನಲ್ಲಿದ್ದಳು, ಹಿಂದೆ ಕಂಡಕ್ಟರ್ 'ಅಣ್ಣಿಗೇರಿ, ಅಣ್ಣಿಗೇರಿ' ಅಂತ ಕೂಗುತ್ತಿದ್ದ. ನಿಮ್ಮಲ್ಲಿ ಏನೂ ಕಡಿಮೆ ಇರಲಿಲ್ಲ, 90 ದಿನ ಕಾಯೋಕೆ ನಮಗೆ ಆಗಲಿಲ್ಲ ಅಂತ ಇದ್ದದ್ದು ಇದ್ದ ಹಾಗೆ ಹೇಳಿದೆ.

ಸ್ವಲ್ಪ ಹೊತ್ತು ಆ ಕಡೆಯಿಂದ ಬರೀ ಬಸ್ಸಿನ ಸದ್ದು.

'ಹೌದ್ರಿ ಸರ್? ನಾ ನಿನ್ನೆ ರಾತ್ರಿ ಪೂರಾ ರೆಸ್ಯೂಮ್ ಅಳಿಸಿ ಮತ್ತ ಬರ್ಯಾಕ ಕುಂತಿದ್ದೆ' ಅಂದಳು. 'ಬಿಡ್ರಿ, ಹಳೇದನ್ನ ಇಟ್ಕೋತೀನಿ.'